ಹಳದಿ ಬಲ್ಬಿನ ಕೆಳಗಿನ ಹಣ್ಣುಗಳು

ಏಳು ಬೆಟ್ಟದಾಚೆ, ಕಾಡಿನ ನಟ್ಟನಡುವೆ, ಎಲೆಯ ಕೆಳಗೆ ತಲೆ ತಗ್ಗಿಸಿಕೊಂಡು ಒಂದು ಬಿಳಿ ಹೂವು ಕಣ್ಣು ಬಿಟ್ಟರೆ ಸಾಕು, ಈಚೆ ಪೇಟೆಯ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮುಲಾಮು ಅರೆಯುತ್ತಿದ್ದ ಕಂಪೌಂಡರನಿಗೆ ಸೀನು ಬರುತ್ತಿತ್ತು. ಒಂದು ಹೂವಿಗೆ ಒಂದು ಸೀನು, ಎರಡಕ್ಕೆ ಎರಡು. ಒಂದು ವರ್ಷ ಮುನ್ನೂರ ಹನ್ನೆರಡು ಸಲ ಸೀನಿ, ಕಾಡಿಗೆ ಹೋಗಿ ಎಣಿಸಿದರೆ ಹೂವು ಮುನ್ನೂರ ಹನ್ನೊಂದೇ ಇದ್ದವಂತೆ; ಉಳಿದ ಒಂದನ್ನು ಜಿಂಕೆ ಆಗಷ್ಟೇ ಮೇಯ್ದು ಹೋಗಿತ್ತು, ಗೊರಸಿನ ಗುರುತು ಇನ್ನೂ ಬೆಚ್ಚಗಿತ್ತು. ಹೇಳುವವನು ಅವನೇ, ಸಾಕ್ಷಿಯೂ ಅವನೇ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕವರೇ ಹೋಗುವ ಮುಂಚೆ ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನೋ ಮೀನಿನ ಪೊಟ್ಟಣವನ್ನೋ ಅವನ ಮೂಗಿನಡಿ ಹಿಡಿದು, "ಇದು ಕೆಟ್ಟಿದೆಯಾ ನೋಡಿ ಸ್ವಲ್ಪ" ಎನ್ನುತ್ತಿದ್ದರು. ಅವನು ನೋಡಿ ಹೇಳಿದ್ದು ಒಮ್ಮೆಯೂ ಸುಳ್ಳಾಗಿರಲಿಲ್ಲ. ಏಳನೆಯ ವಯಸ್ಸಿನಲ್ಲೇ ಕಣ್ಣಿಗೆ ಅಪ್ಪನ ಮಫ್ಲರ್ ಕಟ್ಟಿಸಿಕೊಂಡು, ಪಂದ್ಯ ಕಟ್ಟಿದ ಆರು ಹುಡುಗರ ಎದುರಿಗೆ, ಬರೀ ವಾಸನೆ ಹಿಡಿದು ಕಾಡಿನೊಳಗೆ ನೆಟ್ಟಗೆ ನಡೆದು, ಆ ಹೂವಿನ ಮುಂದೆಯೇ ಮಂಡಿಯೂರಿದವನು ಅವನು. ಅವತ್ತು ಅಕ್ಕನಿಗೆ ನೆಗಡಿ, ಪಾಪ, ದಾರಿಯುದ್ದಕ್ಕೂ ಅಲ್ಲೊಮ್ಮೆ ಇಲ್ಲೊಮ್ಮೆ ಕೆಮ್ಮುತ್ತಾ ಬಂದಳು. ಆ ಗಲಾಟೆಯಲ್ಲೂ ಮೂಗು ದಾರಿ ತಪ್ಪಲಿಲ್ಲ ಎಂಬುದನ್ನು ಸೇರಿಸಲು ಅವನು ಐವತ್ತು ವರ್ಷಗಳಲ್ಲಿ ಒಮ್ಮೆಯೂ ಮರೆತಿರಲಿಲ್ಲ.

ಈ ಬೆಳಗ್ಗೆ ಅಂಗಡಿಯ ಒಡತಿ ಒಳಗೆ ಕಾಲಿಟ್ಟವಳೇ ಸೆರಗನ್ನು ಮೂಗಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಾಗ, ಅವನು ಹಿಂದಿನ ಕೋಣೆಯ ಸ್ಟೂಲಿನ ಮೇಲೆ ಕುಳಿತು ಕಂದು ದ್ರಾವಣವನ್ನು ಪುಟ್ಟ ಸೀಸೆಗಳಿಗೆ ತುಂಬುತ್ತಿದ್ದ. "ಅಯ್ಯೋ, ಕಂಪೌಂಡರೇ, ಸ್ಪಿರಿಟ್ ಜಾಡಿ ಮುಚ್ಚಳ ತೆಗೆದಿಟ್ಟಿದ್ದೀರಲ್ರೀ! ಬೀದಿ ತನಕ ವಾಸನೆ. ನಿಮಗೆ ಗೊತ್ತಾಗ್ಲಿಲ್ವಾ?" ಅವನು ತಲೆಯೆತ್ತದೆ, "ಗೊತ್ತಾಗದೆ ಏನು ಮೇಡಮ್, ನಿಮ್ಮ ಮೂಗು ಎಷ್ಟು ದೂರದಿಂದ ಹಿಡಿಯುತ್ತೆ ಅಂತ ಪರೀಕ್ಷೆ ಮಾಡ್ತಿದ್ದೆ. ಪಾಸಾದ್ರಿ" ಎಂದ. ಅವಳು ನಕ್ಕಳು. ನಗುತ್ತಲೇ ಕಿಟಕಿ ತೆರೆದಳು; ತೆರೆಯುವಾಗ ಅವನ ಪಕ್ಕದಲ್ಲಿ ಹಾದುಹೋಗಬೇಕಾಗಿ ಬಂದು, ಹಾದುಹೋಗುವಾಗ ಉಸಿರು ಬಿಗಿಹಿಡಿದಳೇ? ಹಿಡಿದಳೆಂದೇ ಅವನಿಗೆ ಕಂಡಿತು. ಅಂಗಿ ನಿನ್ನೆ ಒಗೆದದ್ದು. ಬೆಳಗ್ಗೆಯಿಂದ ಎರಡು ಸಲ ಸ್ನಾನ ಮಾಡಿಯಾಗಿದೆ. ಇಷ್ಟಾದರೂ ತನ್ನ ಮೈ ಏನನ್ನು ಹೊರಗೆ ಬಿಡುತ್ತಿದೆಯೋ, ಬೆವರನ್ನೋ ಸೋಪನ್ನೋ ಮುದಿತನವನ್ನೋ, ಲೋಕದಲ್ಲಿ ಅದನ್ನು ತಿಳಿಯದಿರುವ ಒಬ್ಬನೇ ಒಬ್ಬ ಪ್ರಾಣಿ ತಾನು ಎಂದುಕೊಳ್ಳುತ್ತಿದ್ದಾಗ ಸೀಸೆ ತುಂಬಿ ಹರಿದು ಕಂದು ದ್ರಾವಣ ಬೆರಳಿಗೆ ತಗುಲಿತು. ಚಳಿಗಾಲದ ಆ ಜ್ವರ ಬಿಟ್ಟ ಬೆಳಗ್ಗೆ ಕಾಫಿಯ ಲೋಟವನ್ನು ಮೂಗಿಗೆ ಹಿಡಿದದ್ದು ನೆನಪಾಯಿತು. ಬಿಸಿಯಿತ್ತು, ಹಬೆಯಿತ್ತು, ಕಾಫಿ ಇರಲಿಲ್ಲ. ಸೋಪಿನ ಮುಂದೆ, ಬೆಳ್ಳುಳ್ಳಿಯ ಮುಂದೆ, ಚಪ್ಪಲಿಯ ಮುಂದೆ ಮೂಗು ಚಾಚಿ ಇಡೀ ಮನೆಯನ್ನು ನಾಯಿಯ ಹಾಗೆ ಸುತ್ತಿದ್ದ. ನಾಯಿಗಾದರೂ ಏನೋ ಸಿಗುತ್ತಿತ್ತು. ಅವನಿಗೆ ಸಿಕ್ಕಿದ್ದು ಬರೀ ಗಾಳಿ, ಕಾಗದದಂಥ ಗಾಳಿ. ಏಳು ತಿಂಗಳಾಯಿತು. ಯಾರಿಗೂ ಹೇಳಿಲ್ಲ. ಹೇಳುವುದಾದರೂ ಹೇಗೆ? ಬೇರೆಯವರಿಗೆ ಮುಖದಲ್ಲಿ ಒಂದು ಮೂಗಿದ್ದರೆ, ಅವನದು ಒಂದು ಮೂಗು, ಅದರ ಹಿಂದೆ ಅಂಟಿಕೊಂಡಿದ್ದ ಮನುಷ್ಯ.

ಬೆರಳಿಗೆ ತಗುಲಿದ್ದನ್ನು ಬಟ್ಟೆಯಿಂದ ಉಜ್ಜಿ ಉಜ್ಜಿ ಒರೆಸಿದ. ಕೊಡೆಗಿಡದ ಬೇರಿನ ದ್ರಾವಣ ಅದು, ಚರ್ಮದ ನರುಳ್ಳೆಗೆ, ಅಂದರೆ ನರಹುಲಿಗೆ, ಹಚ್ಚುವುದು; ನರುಳ್ಳೆಯ ಮೇಲೆ ಸಾಸಿವೆಯಷ್ಟು ಹಚ್ಚಿದರೆ ಔಷಧಿ, ಪಕ್ಕಕ್ಕೆ ಹರಿದರೆ ಹುಣ್ಣು, ನಾಲಿಗೆಗೆ ಹೋದರೆ ಆಸ್ಪತ್ರೆ. ಗಿರಾಕಿಗಳಿಗೆ ಸೀಸೆ ಕೊಡುವಾಗಲೆಲ್ಲ ಅವನದೊಂದು ಭಾಷಣವಿತ್ತು. "ಇದು ಗಿಡ ಅಂದ್ಕೋಬೇಡಿ, ಒಂದು ದೊಡ್ಡ ಸಂಸಾರ. ನೆಲದ ಕೆಳಗೆ ಬೇರು ಇದೆಯಲ್ಲ, ಅದು ವೈದ್ಯ. ಎಲೆ, ಕಾಂಡ, ಬೀಜ, ಎಲ್ಲ ಕೊಲೆಗಾರರು. ಹೂವು ಮಾತ್ರ ಮದುವೆಗೆ ಬಂದ ಹೆಣ್ಣಿನ ಹಾಗೆ ಎರಡು ಎಲೆ ಕೊಡೆಯ ಕೆಳಗೆ ತಲೆ ತಗ್ಗಿಸಿಕೊಂಡು ನಿಂತಿರುತ್ತೆ. ಒಂಟಿ ಎಲೆ ಗಿಡ ಹೂ ಬಿಡೋದೇ ಇಲ್ಲ. ಆ ಹೂವಿಗೊಂದು ಕಾಯಿ. ಕಾಯಿಯೂ ಕೊಲೆಗಾರನೇ. ಆದ್ರೆ ವರ್ಷದಲ್ಲಿ ಒಂದೇ ಒಂದು ವಾರ, ಅದು ಹಳದಿಯಾಗಿ, ಮೆತ್ತಗಾಗಿ, ಘಮ್ಮಂತ ಬಾಯಿ ಬಿಟ್ಟಾಗ, ಬೀಜ ತೆಗೆದ್ರೆ, ಆಹಾ, ರಾಜರು ರಾಜ್ಯ ಬಿಟ್ಟುಕೊಡ್ತಾರೆ. ಆ ವಾರ ಯಾವುದು ಅಂತ ಈ ಭೂಮಿ ಮೇಲೆ ಇಬ್ಬರಿಗೆ ಗೊತ್ತು. ಒಂದು ಕಾಡಿನ ಆಮೆಗೆ. ಇನ್ನೊಂದು ನನಗೆ." ಆಮೆ ಏನು ಹೇಳಿತ್ತೋ ಯಾರೂ ಕೇಳಿರಲಿಲ್ಲ. ಅವನು ಹೇಳಿದ್ದನ್ನು ಕೇಳಿದವರು ಹಣ್ಣಿನ ಆಸೆ ಬಿಟ್ಟು ಸೀಸೆ ಹಿಡಿದು ಹೋಗುತ್ತಿದ್ದರು. ಪ್ರತಿ ವರ್ಷ ಆ ಹಣ್ಣಿನ ಪಾಕ ಒಂದು ಜಾಡಿ ಆಗುತ್ತಿತ್ತು, ಒಂದೇ ಜಾಡಿ, ಅದು ಹೋಗುತ್ತಿದ್ದದ್ದು ಅಕ್ಕನ ಮನೆಗೆ. ಕಳೆದ ಭಾನುವಾರ ಈ ವರ್ಷದ್ದೂ ಹೋಯಿತು. ಅಕ್ಕ ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಈ ಸಲ ಬಣ್ಣ ಸ್ವಲ್ಪ ಮಂಕಾಗಿದೆ ಅಲ್ವೇನೋ?" ಎಂದಿದ್ದಳು. "ಮಂಕೆಲ್ಲಿ? ಗಾಜು ಮಂಕು. ನಿನ್ನ ಕಣ್ಣು ಮಂಕು. ಪಾಕ ಸೂರ್ಯನಿಗೇ ಸೆಡ್ಡು ಹೊಡೆಯುತ್ತೆ" ಎಂದು ಅವನು ಅಂದಿದ್ದ, ಅವಳು ಅವನ ಮುಖವನ್ನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನೋಡಿ ಜಾಡಿಯನ್ನು ಕಪಾಟಿನಲ್ಲಿಟ್ಟಿದ್ದಳು. ಆ ಒಂದು ಗಳಿಗೆ ಅವನ ಬೆನ್ನ ಹಿಂದೆ ವಾರವಿಡೀ ನಡೆದು ಬರುತ್ತಿತ್ತು.

ಫೋನು ಹೊಡೆದುಕೊಂಡಿತು, ಅಂಗಡಿಯ ಗಾಜುಗಳೆಲ್ಲ ಪುಡಿಯಾಗುವಷ್ಟು ಜೋರಾಗಿ. ನಿಜವಾಗಿ ಯಾವ ಗಾಜೂ ಅಲುಗಲಿಲ್ಲ. ಒಡತಿ ಎತ್ತಿ, "ನಿಮ್ಮ ಅಕ್ಕನ ಮಗಳು" ಎಂದು ರಿಸೀವರನ್ನು ಅವನತ್ತ ಚಾಚಿದಳು. ಅಕ್ಕನ ಮಗಳು ಬಟ್ಟೆ ಹೊಲಿಯುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು, ಹೊಲಿಗೆಯ ಹಾಗೆಯೇ ಸಣ್ಣಗೆ ಒತ್ತೊತ್ತಾಗಿ ಮಾತಾಡುವವಳು. ಈಗ ಆ ಮಾತು ಎಲ್ಲೆಲ್ಲೋ ಬಿಟ್ಟುಕೊಂಡಿತ್ತು. "ಮಾಮ, ಅಮ್ಮನಿಗೆ ಒಂಥರಾ ಆಗ್ತಿದೆ. ಬೆಳಗ್ಗೆ ತಿಂಡಿ ತಿಂದು ಎರಡು ಗಂಟೆ ಆಗಿಲ್ಲ, ವಾಂತಿ ನಿಲ್ತಾನೇ ಇಲ್ಲ, ಹೊಟ್ಟೆ ಹಿಡ್ಕೊಂಡು ಉರುಳಾಡ್ತಿದಾಳೆ. ಮಾತು ಒಂಚೂರು ತೊದಲ್ತಿದೆ. ಕ್ಲಿನಿಕ್ಕಿಗೆ ಕರ್ಕೊಂಡು ಬಂದಿದೀನಿ. ನೀವು ಬನ್ನಿ ಮಾಮ." "ಏನು ತಿಂದ್ಳು?" "ಏನೂ ಇಲ್ಲ ಮಾಮ. ಬ್ರೆಡ್ಡು. ಬ್ರೆಡ್ಡಿಗೆ ನಿಮ್ಮ ಪಾಕ, ಹೊಸ ಜಾಡಿ ಇವತ್ತೇ ತೆಗೆದಿದ್ದು. ಅಷ್ಟೇ." ಪಾಕ ಎಂಬ ಮಾತನ್ನು ಅವಳು ನೀರು ಎಂದ ಹಾಗೆ ಅಂದಳು, ಅದರಲ್ಲಿ ಅನುಮಾನಿಸುವುದಕ್ಕೆ ಏನೂ ಇಲ್ಲದ ಹಾಗೆ. ಅವನು "ಬಂದೆ" ಎಂದ. ಎಂದನೋ ಇಲ್ಲವೋ, ರಿಸೀವರ್ ಒಡತಿಯ ಕೈಗೆ ಹೇಗೆ ಹೋಯಿತೋ ಗೊತ್ತಿಲ್ಲ.

ಬೀದಿಗೆ ಹೋಗಬೇಕಾದ ಕಾಲು ಹಿಂದಿನ ಕೋಣೆಗೆ ಹೋದವು. ಕೋಣೆಯ ಮೂಲೆಯ ಉಗ್ರಾಣಕ್ಕೆ ಕಿಟಕಿಯಿಲ್ಲ. ಒಂದು ಹಳದಿ ಬಲ್ಬು, ಧೂಳು ಕೂತು ಇನ್ನಷ್ಟು ಹಳದಿ. ಬಿಸಿಲು ಬಿದ್ದರೆ ಕೆಡುವ ಔಷಧಿಗಳ ನಡುವೆ, ಮೇಲಿನ ಹಲಗೆಯಲ್ಲಿ, ಹೊಟ್ಟು ಹರಡಿದ ತಟ್ಟೆ. ಮಾಗಲು ಹಣ್ಣುಗಳನ್ನಿಡುವುದು ಅಲ್ಲಿಯೇ, ನಲವತ್ತು ವರ್ಷದಿಂದ. ದಿನಾ ಸಂಜೆ ಅಂಗಡಿ ಮುಚ್ಚುವ ಮುಂಚೆ ತಟ್ಟೆ ಇಳಿಸಿ, ಕಣ್ಣು ಮುಚ್ಚಿ, ಒಂದೊಂದನ್ನೂ ಮೂಗಿಗೆ ಹಿಡಿಯುತ್ತಿದ್ದ. ಹಸಿಯಾಗಿದ್ದರೆ ಒದ್ದೆ ಮರದ ವಾಸನೆ. ಮಾಗಿದ್ದರೆ ಅನಾನಸು, ಅದರ ಹಿಂದೆ ನಿಂಬೆ, ಅದರ ಹಿಂದೆ ಏನೋ ಹೂವು, ಒಂದರ ಹೆಗಲ ಮೇಲೆ ಒಂದು ಹತ್ತಿ ನಿಂತ ಹಾಗೆ. ಕಣ್ಣಿನ ಕೆಲಸವೇ ಇರಲಿಲ್ಲ, ಆದ್ದರಿಂದ ಬಲ್ಬು ಯಾವ ಬಣ್ಣದ್ದೆಂದು ಅವನು ನಲವತ್ತು ವರ್ಷ ನೋಡಿರಲಿಲ್ಲ. ಈ ಸಲ ಮೂಗಿರಲಿಲ್ಲ. ಈ ಸಲ ಕಣ್ಣು ತೆರೆದು ನೋಡಿದ್ದ, ಎಲ್ಲವೂ ಹಳದಿಯಾಗಿದ್ದವು, ಎಷ್ಟು ಸುಲಭ, ಇಷ್ಟಕ್ಕೆ ಮೂಗೇಕೆ ಬೇಕಿತ್ತು ಎಂದು ಒಳಗೊಳಗೇ ಜಂಬವನ್ನೂ ಪಟ್ಟಿದ್ದ. ಬೆರಳಿನಿಂದ ಒತ್ತಿದ್ದ, ಕೆಲವು ಮೆತ್ತಗಿದ್ದವು, ಕೆಲವು ಅಷ್ಟಿಲ್ಲ. ಅಷ್ಟಿಲ್ಲದ್ದು ಬೆರಳಿನ ತಪ್ಪು ಎಂದುಕೊಂಡಿದ್ದ. ಕುದಿಯುವ ಪಾಕವನ್ನು ನೆಕ್ಕಿ ನೋಡಿದ್ದ. ವಾಸನೆಯಿಲ್ಲದ ನಾಲಿಗೆಗೆ ಸಕ್ಕರೆಯೊಂದೇ ಗೊತ್ತಾಗಿತ್ತು. ಈಗ ಉಳಿದ ಆರು ಹಣ್ಣುಗಳ ತಟ್ಟೆಯನ್ನು ಎದೆಗವಚಿಕೊಂಡು ಹಿತ್ತಿಲ ಬಾಗಿಲನ್ನು ಮೊಣಕೈಯಿಂದ ತಳ್ಳಿದ. ಹೊರಗೆ ಹನ್ನೊಂದು ಗಂಟೆಯ ಬಿಳಿ ಬಿಸಿಲು. ಆರರಲ್ಲಿ ಎರಡು ಹಳದಿ. ನಾಲ್ಕು ಹಸಿರು. ಎಳೆಯ ಹಸಿರೂ ಅಲ್ಲ, ತಿರುಗುತ್ತಿರುವ ಹಸಿರೂ ಅಲ್ಲ, ಗಿಳಿಯ ಬೆನ್ನಿನ ಹಾಗೆ ನಿಸ್ಸಂಕೋಚವಾದ, ಕೂಗಿ ಹೇಳುವ ಹಸಿರು. ಅವನು ತಟ್ಟೆಯನ್ನು ಮತ್ತೆ ಒಳಗೆ ಬಲ್ಬಿನ ಕೆಳಗೆ ಹಿಡಿದ. ಆರೂ ಹಳದಿ. ಹೊರಗೆ ತಂದ. ನಾಲ್ಕು ಹಸಿರು. ಇನ್ನೊಮ್ಮೆ ಒಳಗೆ ಹೋದ, ಇನ್ನೊಮ್ಮೆ ಹೊರಗೆ ಬಂದ, ಎಷ್ಟನೆಯದೋ ಸಲಕ್ಕಾದರೂ ಹಣ್ಣುಗಳು ಅವನ ಮೇಲೆ ದಯೆ ತೋರಿಸುತ್ತವೆಯೇನೋ ಎಂಬ ಹಾಗೆ. "ಕಂಪೌಂಡರೇ, ಏನಾಯ್ತು?" ಎಂದು ಒಡತಿ ಕೇಳಿದ್ದು ಗೋಡೆಯಾಚೆಯಿಂದ ಬಂದಂತಿತ್ತು. "ಏನಿಲ್ಲ ಮೇಡಮ್. ಬೆಳಕು ಹೇಗಿದೆ ಅಂತ ನೋಡ್ತಿದ್ದೆ."

ಕ್ಲಿನಿಕ್ಕಿಗೆ ನಾಲ್ಕು ಬೀದಿ. ಆ ನಾಲ್ಕನ್ನು ಅವನು ನಾನೂರು ಮಾಡಿ ನಡೆದ. ಬೇಕರಿಯ ಮುಂದೆ ಜನ ಮೂಗರಳಿಸಿ ನಿಂತಿದ್ದರು. ಅವನಿಗೆ ಬೇಕರಿ ಒಂದು ಫೋಟೊ. ಯಾರೋ, "ಏನ್ ಕಂಪೌಂಡರೇ, ಇವತ್ತೆಷ್ಟು ಸೀನು?" ಎಂದರು. ತುಟಿ ತಾನಾಗಿ ನಕ್ಕಿತು, "ಹೂವಿನ ಕಾಲ ಮುಗೀತಲ್ಲಪ್ಪಾ" ಎಂದಿತು, ಅಷ್ಟು ಹೇಳಿದ ತುಟಿಯ ಮೇಲೆ ಅವನಿಗೆ ಅಸಹ್ಯವಾಯಿತು. ಪಾಕವೇ ಆಗಿರಬೇಕೆಂದಿಲ್ಲ. ಬ್ರೆಡ್ಡು ಹಳತಾಗಿರಬಹುದು. ಅಕ್ಕನ ಹೊಟ್ಟೆ ಮೊದಲಿನಿಂದಲೂ ಸೂಕ್ಷ್ಮ. ಸೂಕ್ಷ್ಮವೆಲ್ಲಿ, ಕಲ್ಲು ಅರಗಿಸಿಕೊಳ್ಳುವವಳು. ಚಿಕ್ಕವನಿದ್ದಾಗ ಅವನು ಬಿಟ್ಟ ಊಟವನ್ನೆಲ್ಲ ಅಮ್ಮ ನೋಡುವ ಮುಂಚೆ ತಿಂದು ಮುಗಿಸಿ ಅವನನ್ನು ಏಟಿನಿಂದ ಉಳಿಸುತ್ತಿದ್ದವಳು. ಹೋದ ತಿಂಗಳು ಅವಳ ಮನೆಗೆ ಹೋದಾಗ ಕಾಫಿ ಕೊಟ್ಟು, ಕುಡಿದು ಮುಗಿಸುವವರೆಗೆ ಎದುರಿಗೇ ಕೂತಿದ್ದಳು. "ಹೇಗಿದೆ?" "ಘಮಘಮ ಅಂತಿದೆ ಅಕ್ಕ, ಬೀದಿಯೆಲ್ಲ ಎದ್ದು ಬರುತ್ತೆ." ಅವಳು ಲೋಟ ತೆಗೆದುಕೊಂಡು ಒಳಗೆ ಹೋದವಳು ತುಂಬ ಹೊತ್ತು ಹೊರಗೆ ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲ? ಅದು ಈಗ ಯಾಕೆ ನೆನಪಾಗಬೇಕು? ಅಕ್ಕ ಸತ್ತರೆ ಎಂಬ ಮಾತು ಮನಸ್ಸಿನಲ್ಲಿ ಎದ್ದು ನಿಂತಿತು. ಅದರ ಪಕ್ಕದಲ್ಲೇ, ನಾಚಿಕೆಯಿಲ್ಲದೆ, ಇನ್ನೊಂದು ಮಾತೂ ನಿಂತಿತ್ತು: ಮೂಗು ಹೋಗಿದೆಯೆಂದು ಗೊತ್ತಾದರೆ ಅಂಗಡಿಯಲ್ಲಿ ನನಗೇನು ಕೆಲಸ? ಎರಡೂ ಒಂದೇ ಎತ್ತರದವಾಗಿದ್ದವು. ಅದೇ ಅವನಿಗೆ ಸಿಡಿಲು ಹೊಡೆದಂತಾದದ್ದು; ಒಡಹುಟ್ಟಿದವಳ ಜೀವವನ್ನೂ ತನ್ನ ಜಂಬವನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡುತ್ತಿದ್ದೇನೆ, ಯಾವುದು ಉದ್ದ ಎಂದು.

ಕ್ಲಿನಿಕ್ಕಿನಲ್ಲಿ ಒಂದು ಬೆಂಚು, ಒಂದು ಮೇಜು, ಒಂದು ಹಸಿರು ಪರದೆ. ಪರದೆಯ ಆಚೆ ಮಂಚ ಕಿರುಗುಡುತ್ತಿತ್ತು. ಅಕ್ಕನ ಮಗಳ ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು, ಅದರ ತುದಿಯನ್ನು ಅವಳು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದಳು. ಡಾಕ್ಟರ್ ಚಿಕ್ಕ ವಯಸ್ಸಿನವನು, ನಿದ್ದೆಗೆಟ್ಟ ಕಣ್ಣಿನವನು, ಕಂಪೌಂಡರನನ್ನು ಕಂಡು ಎದ್ದೇ ನಿಂತ. "ಒಳ್ಳೇದಾಯ್ತು ನೀವು ಬಂದಿದ್ದು. ಏನು ತಿಂದಿದಾರೆ ಅಂತ ಗೊತ್ತಾಗದೆ ನಾನು ಕತ್ತಲಲ್ಲಿ ಕೈ ಆಡಿಸ್ತಿದೀನಿ. ಬರೀ ಅಜೀರ್ಣ ಅಲ್ಲ ಇದು. ಏನೋ ಪಾಕ ಅಂದ್ರು ಇವರು. ಯಾವ ಹಣ್ಣು?"

"ಪಾಕ ಬಿಡಿ ಡಾಕ್ಟ್ರೇ" ಎಂದಿತು ಅವನ ಬಾಯಿ. "ನಲವತ್ತು ವರ್ಷದಿಂದ ಮಾಡ್ತಿದೀನಿ, ನಾಲ್ಕು ಸಾವಿರ ಜಾಡಿ ಮಾಡಿರಬಹುದು. ಒಂದು ಇರುವೆಗೂ ಹೊಟ್ಟೆನೋವು ಬಂದಿಲ್ಲ. ನನ್ನ ಮೂಗು ದಾಟಿ ಒಂದು ಕೆಟ್ಟ ಹಣ್ಣು ಹೋಗಲ್ಲ, ಇಡೀ ಪೇಟೆ ಕೇಳಿ."

"ಅದು ಗೊತ್ತು, ನಮ್ಮ ತಾಯಿನೂ ನಿಮ್ಮ ಹತ್ರಾನೇ ಹಾಲು ತೋರಿಸ್ತಿದ್ರು." ಡಾಕ್ಟರ್ ನಂಬಿದ. ಕಣ್ಣೆದುರಿಗೇ, ಬಾಗಿಲು ಮುಚ್ಚಿದ ಹಾಗೆ, ನಂಬಿಬಿಟ್ಟ. "ಹಾಗಾದ್ರೆ ಬೇರೆ ಏನು?"

"ಅಣಬೆ ಇರಬೇಕು. ಲಕ್ಷಣ ನೋಡಿದ್ರೆ ಅಣಬೆನೇ."

"ನಮ್ಮನೇಲಿ ಅಣಬೆನೇ ತರಲ್ಲ ಮಾಮ" ಎಂದಳು ಅಕ್ಕನ ಮಗಳು.

"ನಿನಗೇನು ಗೊತ್ತು, ನೀನು ಬೆಳಗಾದ್ರೆ ಹೊಲಿಗೆ ಮಿಶನ್ ಹತ್ರ ಓಡ್ತೀಯ. ಪಕ್ಕದ ಮನೆಯವರು ಯಾರಾದ್ರೂ ಕೊಟ್ಟಿರ್ತಾರೆ. ನಿನ್ನೆ ಸಂಜೆ ಕೊಟ್ಟಿರ್ತಾರೆ. ಬಿಳಿ ಅಣಬೆ, ಇಷ್ಟಿಷ್ಟು ದಪ್ಪ." ಅವನ ಕೈ ಗಾಳಿಯಲ್ಲಿ ಅಣಬೆಯ ಅಳತೆ ತೋರಿಸಿತು. ಅಣಬೆ ಅವನ ಕಣ್ಣಿಗೆ ಕಾಣುತ್ತಲೂ ಇತ್ತು, ತಟ್ಟೆಯಲ್ಲಿ, ಅದರ ಮೇಲಿನ ನೀರಿನ ಹನಿ ಸಮೇತ. ಡಾಕ್ಟರ್ ಮೇಜಿಗೆ ಬಾಗಿ ಪೆನ್ನು ತೆರೆದು ಬರೆಯತೊಡಗಿದ. ಪೆನ್ನಿನ ಸದ್ದು. ಸುಳ್ಳೊಂದು ಶಾಯಿಯಾಗುವ ಸದ್ದು ಅಷ್ಟು ಸಣ್ಣದಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಿಲ್ಲಿಸು, ಎಂದು ತನಗೆ ಹೇಳಿಕೊಂಡ. ಬಾಯಿ, "ಮೇಲ್ಗಡೆ ಸ್ವಲ್ಪ ಕಂದು ಬಣ್ಣ" ಎಂದಿತು.

ಪರದೆಯ ಆಚೆ ಅಕ್ಕ ಕೆಮ್ಮಿದಳು.

ವಾಂತಿಯ ಕೆಮ್ಮಲ್ಲ. ಉಬ್ಬಸವೂ ಅಲ್ಲ. ಗಂಟಲಲ್ಲೇ ಒಂದು ಸಲ, ಗಿಡ್ಡವಾಗಿ, ಬಾಗಿಲ ಮೇಲೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದ ಹಾಗೆ. ಅವನ ಕೈ ಗಾಳಿಯಲ್ಲೇ ನಿಂತಿತು. ಮಫ್ಲರಿನ ಉಣ್ಣೆ ಕಣ್ರೆಪ್ಪೆಗೆ ಚುಚ್ಚಿತು, ಒದ್ದೆ ಎಲೆಗಳು ಕಾಲಡಿ ಜಾರಿದವು, ಹಿಂದೆ ಹುಡುಗರು ಕಿಸಕ್ಕೆಂದರು. ಎಡಕ್ಕೆ ಹೊರಳಿದ್ದ ಹೆಜ್ಜೆ ತಾನಾಗಿ ನಿಂತು ಬಲಕ್ಕೆ ತಿರುಗಿತು. ಕೈ ಕೆಳಗಿಳಿಯಿತು.

"ಅಣಬೆ ಅಲ್ಲ" ಎಂದ.

ಡಾಕ್ಟರ್ ತಲೆಯೆತ್ತಿದ.

"ಬರೀಬೇಡಿ. ಪಾಕಾನೇ. ಕೊಡೆಗಿಡದ ಹಣ್ಣು. ಹಣ್ಣಲ್ಲ, ಕಾಯಿ. ಬೇರಿಂದ ನಾವು ನರುಳ್ಳೆ ಔಷಧಿ ಮಾಡ್ತೀವಲ್ಲ, ಅದೇ ಗಿಡ. ಅದೇ ವಿಷ."

"ನೀವು ವಾಸನೆ ನೋಡಿಯೇ..."

"ನನಗೆ ವಾಸನೆ ಬರಲ್ಲ ಡಾಕ್ಟ್ರೇ. ಏಳು ತಿಂಗಳಾಯ್ತು. ಏನೂ ಬರಲ್ಲ." ಹೇಳಿದ ಮೇಲೆ ಗೋಡೆ ಬಿರಿಯಲಿಲ್ಲ, ಬೀದಿಯಲ್ಲಿ ಸೈಕಲ್ಲೊಂದು ಗಂಟೆ ಬಾರಿಸಿಕೊಂಡು ಹೋಯಿತು. ಅಕ್ಕನ ಮಗಳ ಬೆರಳಲ್ಲಿ ಟೇಪು ಸುತ್ತಿಕೊಂಡಲ್ಲೇ ಉಳಿಯಿತು. ಡಾಕ್ಟರ್ ಬರೆದದ್ದನ್ನು ಹರಿದು ಹೊಸ ಹಾಳೆ ಎಳೆದುಕೊಂಡ, ಈಗ ಅವನ ದನಿಯಲ್ಲಿ ಮರ್ಯಾದೆಯೂ ಇರಲಿಲ್ಲ, ಕೋಪವೂ ಇರಲಿಲ್ಲ, ಬರೀ ಅವಸರ. "ಎಷ್ಟು ಹಾಕಿದ್ರಿ?"

ಸಾವಿರ ಎಂಬ ಮಾತು ಬಾಯಿಗೆ ಬರಲಿಲ್ಲ. "ಹನ್ನೊಂದು."

"ಅದರಲ್ಲಿ ಕಾಯಿ ಎಷ್ಟು?"

"ಗೊತ್ತಿಲ್ಲ." ಆ ಮಾತನ್ನು ಅವನು ಈ ಮೊದಲು ಯಾರಿಗಾದರೂ ಹೇಳಿದ್ದನೋ ಇಲ್ಲವೋ.

"ಬೀಜ?"

"ತೆಗೆದಿದ್ದೆ. ಅದು ಕೈ ಕೆಲಸ. ಅದನ್ನ ಸರಿಯಾಗಿ ಮಾಡಿದೀನಿ."

ಡಾಕ್ಟರ್ ನರ್ಸನ್ನು ಕೂಗಿ, ಹೊಟ್ಟೆ ತೊಳೆಯುವ ಕೊಳವೆ ಎಂದ, ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ಗಾಡಿ ಕಳಿಸಲು ಹೇಳಿ ಎಂದ, ಜಾಡಿ ಯಾರಾದರೂ ತನ್ನಿ ಎಂದ. ಪರದೆ ಸರಿಸಿ ಒಳಗೆ ಹೋದ. ಸರಿದ ಪರದೆಯ ಸಂದಿಯಲ್ಲಿ ಅಕ್ಕ ಕಂಡಳು. ಐದು ದಿನದ ಹಿಂದೆ ಜಾಡಿಯನ್ನು ಬೆಳಕಿಗೆ ಹಿಡಿದಿದ್ದವಳು ಇವಳೇ ಎಂದು ನಂಬಲಾಗದ ಹಾಗೆ ಮುಖ ಕಾಗದವಾಗಿತ್ತು, ಕೂದಲು ಹಣೆಗೆ ಅಂಟಿತ್ತು. ಕಣ್ಣು ಮಾತ್ರ ಅದೇ, ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನೋಡುವ ಕಣ್ಣು. ಅವನು ಮಂಚದ ಹತ್ತಿರ ಹೋಗಲೂ ಆಗದೆ ದೂರ ನಿಲ್ಲಲೂ ಆಗದೆ ನಡುವೆ ನಿಂತ.

"ಅವತ್ತು ಕಾಫಿ" ಎಂದಳು ಅಕ್ಕ, ನಾಲಿಗೆ ಹೊರಳಿಸಿಕೊಳ್ಳುತ್ತಾ. "ಹಾಲು ಸೀದು ಕರಕಲಾಗಿತ್ತು ಕಣೋ. ಬೇಕು ಅಂತಾನೇ ಕೊಟ್ಟೆ. ಘಮಘಮ ಅಂದೆ ನೀನು."

"ಗೊತ್ತಿತ್ತಾ ನಿನಗೆ? ಗೊತ್ತಿದ್ದೂ ತಿಂದ್ಯಾ ಅಕ್ಕ? ಯಾಕೆ ತಿಂದೆ?"

ಅವಳು ಉಸಿರು ಕೂಡಿಸಿಕೊಂಡಳು. "ಒದ್ದೆ ಮರದ ವಾಸನೆ ಇತ್ತು. ಮೊದಲನೇ ತುತ್ತಲ್ಲೇ. ಆದ್ರೂ... ಉಳಿದಿದ್ರಲ್ಲೆಲ್ಲ ಬುರುಡೆ ಬಿಡ್ತಾನೆ, ಇದೊಂದ್ರಲ್ಲಿ ಬಿಡಲ್ಲ ನನ್ನ ತಮ್ಮ, ಅಂದ್ಕೊಂಡೆ." ಇಷ್ಟು ಹೇಳುವಷ್ಟರಲ್ಲಿ ಹೊಟ್ಟೆ ಅವಳನ್ನು ಮಡಿಸಿತು, ನರ್ಸು ಪರದೆ ಎಳೆದಳು.

ಅವನು ಬೆಂಚಿನ ಮೇಲೆ ಕುಳಿತ. ಕೂತಿದ್ದು ಗೊತ್ತಾದದ್ದು ಹಲಗೆ ತಣ್ಣಗಿದ್ದುದರಿಂದ. ಕ್ಲಿನಿಕ್ಕಿನ ಗಾಳಿಯಲ್ಲಿ ಫಿನಾಯಿಲ್ ಇರಬೇಕು, ವಾಂತಿ ಇರಬೇಕು, ಭಯಕ್ಕೂ ಒಂದು ವಾಸನೆಯಿದೆಯೆಂದು ಅವನೇ ನೂರು ಸಲ ಹೇಳಿದ್ದ. ಉಸಿರೆಳೆದರೆ ಬರೀ ಕಾಗದ. ಆಚೆ ಲೋಹದ ಬೋಗುಣಿ ಸದ್ದಾಯಿತು, ನೀರು ಸುರಿಯಿತು, ಡಾಕ್ಟರ್, "ನುಂಗಿ ಅಮ್ಮಾ, ಇನ್ನೊಂಚೂರು, ಹಾಂ, ಹಾಗೇ" ಎನ್ನುತ್ತಿದ್ದ. ಕೇಳುತ್ತಾ ಕೂತಿರುವುದೊಂದೇ ಅವನ ಪಾಲಿಗಿದ್ದ ಕೆಲಸ. ಅಕ್ಕನ ಮಗಳು ಬಂದು ಬೆಂಚಿನ ಆ ತುದಿಯಲ್ಲಿ ಕುಳಿತಳು, ನಡುವೆ ಇಬ್ಬರು ಕೂರುವಷ್ಟು ಜಾಗ ಬಿಟ್ಟು. ತೊಟ್ಟಿಲಲ್ಲಿದ್ದಾಗಿನಿಂದ ಅವನ ಕಥೆ ಕೇಳಿ ಬೆಳೆದವಳು. ಬೈಯುತ್ತಾಳೆಂದುಕೊಂಡ, ಬೈದಿದ್ದರೆ ಚೆನ್ನಾಗಿತ್ತು. ಅವಳು ಎದುರಿನ ಗೋಡೆಯನ್ನೇ ನೋಡುತ್ತಾ, ತೀರಾ ಸಣ್ಣ ದನಿಯಲ್ಲಿ ಕೇಳಿದಳು:

"ಮುಂಚೆ ಆದ್ರೂ ಬರ್ತಿತ್ತಾ ಮಾಮ?"

"ಬರ್ತಿತ್ತು. ನಿಮಗೆಲ್ಲ ಬರೋವಷ್ಟು. ಅದಕ್ಕಿಂತ ಒಂಚೂರು ಜಾಸ್ತಿ ಇರಬಹುದು."

"ಮತ್ತೆ ಕಣ್ಣಿಗೆ ಮಫ್ಲರ್ ಕಟ್ಟಿಕೊಂಡು ಹೋಗಿದ್ದು? ಆ ಹೂವು?"

ಪರದೆಯ ಆಚೆ ಮತ್ತೆ ಕೆಮ್ಮು ಕೇಳಿಸಿತು. ಬದುಕಿದ್ದಾಳೆ. ಅವನು ಆ ಸದ್ದಿನ ಕಡೆಗೆ ಮುಖ ತಿರುಗಿಸಿ, ಅದು ಇನ್ನೊಮ್ಮೆ ಬರಲಿ ಎಂದು ಕಾಯುತ್ತಾ ಹೇಳಿದ:

"ಅವತ್ತು ನಿಮ್ಮಮ್ಮನಿಗೆ ನೆಗಡಿ ಇರ್ಲಿಲ್ಲ ಕಣೇ."